ಧೋತರದ ಧೋ

ಇದನ್ನು ಡೈರಿ ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ನೆನಪೊಂದನ್ನೇ ನಂಬಿ ಬರೆದರೆ ನಾನು ಇದ್ದುದಕ್ಕಿಂತ ಧೈರ್ಯವಂತೆಯಾಗಿಯೂ ಇದ್ದುದಕ್ಕಿಂತ ಚುರುಕಾಗಿಯೂ ಕಂಡುಬಿಡುತ್ತೇನೆ ಎಂಬ ಅನುಮಾನ ನನಗಿದೆ. ಡೈರಿಯಲ್ಲಿ ಇಲ್ಲದ ಸಂಗತಿ ಬಂದಲ್ಲಿ ಹಾಗೆಂದು ಹೇಳುತ್ತೇನೆ.

ಬನಹಟ್ಟಿಯ ಜಾಬರನ್ನು ಹಿಡಿದುಕೊಂಡು ಹೋದರೆಂಬ ಸುದ್ದಿ ನನಗೆ ಮುಟ್ಟಿದ್ದು ಜಮಖಂಡಿಯಲ್ಲಿ, ನಾನು ಪಾಠ ಹೇಳುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ. ಜಾಬರ್ ಎಂದರೆ ವಿದ್ಯುತ್ ಮಗ್ಗಗಳನ್ನು ಜೋಡಿಸುವ, ಕೆಟ್ಟರೆ ಸರಿಮಾಡುವ ಕಸುಬುದಾರ. ಇವರಿಗೆ ಐವತ್ತೈದು ದಾಟಿತ್ತು. ಪ್ರಾಯದ ಇಪ್ಪತ್ತು ವರ್ಷ ಗಡಿಯಾಚೆ, ಮರಾಠಿ ಸೀಮೆಯ ಇಚಲಕರಂಜಿಯ ಮಗ್ಗಗಳಲ್ಲಿ ದುಡಿದು, ಊರಿಗೆ ಮರಳಿ, ಮನೆಯಲ್ಲೇ ಎರಡು ಮಗ್ಗ ಹಾಕಿಕೊಂಡಿದ್ದರು. ಫೋನ್ ಮಾಡಿದವರು ಅವರ ಹೆಂಡತಿ.

"ಅಕ್ಕಾರ, ನಮ್ಮ ಮನಿಯವರನ್ನ ಜೀಪಿನ್ಯಾಗ ಕರಕೊಂಡ ಹೋದ್ರು. ಊಟಕ್ಕ ಕುಂತಿದ್ರು. ಕೈ ತೊಳಕೊಳ್ಳಾಕೂ ಬಿಡಲಿಲ್ಲ."

"ಯಾವ ಠಾಣೆಯವರು?"

"ನಮ್ಮ ಠಾಣೆದವ್ರಲ್ರಿ. ಮಾತs ಬ್ಯಾರೆ ಇತ್ತು. ಬನ್ನಿ ಯಜಮಾನ್ರೇ, ಐದು ನಿಮಿಷದ ಕೆಲ್ಸ ಅಂದ್ರು."

ಆ ಐದು ನಿಮಿಷ ಏನೆಂದು ತಿಳಿಯಲು ನಮಗೆ ಎರಡು ದಿನ ಬೇಕಾಯಿತು. ಅವರ ಮೇಲೆ ಮೊಕದ್ದಮೆ ಇರಲಿಲ್ಲ. ರಾಷ್ಟ್ರದ ಭದ್ರತೆಯ ಹೆಸರಿನಲ್ಲಿ ಹೊರಡಿಸಿದ ಮುಂಜಾಗ್ರತಾ ಬಂಧನದ ಆದೇಶವಿತ್ತು. ಮುಂದೆ ಮಾಡಬಹುದಾದ ತಪ್ಪಿಗೆ ಈಗಲೇ ಒಳಗಿಡುವ ಕಾಯ್ದೆ ಅದು. ಅಲ್ಲಿ ಆರೋಪಪಟ್ಟಿ ಇಲ್ಲ, ಜಾಮೀನಿಲ್ಲ. ನ್ಯಾಯಮೂರ್ತಿಗಳ ದರ್ಜೆಯ ಮೂವರಿರುವ ಸಲಹಾ ಮಂಡಳಿಯೊಂದು ಕೆಲವು ವಾರಗಳೊಳಗೆ ಕಾಗದಪತ್ರ ನೋಡುತ್ತದೆ. ಸಾಕಷ್ಟು ಕಾರಣವಿಲ್ಲ ಎಂದು ಅದು ಹೇಳಿದರೆ ಬಿಡುಗಡೆ. ಕಾರಣವಿದೆ ಎಂದರೆ ಒಂದು ವರ್ಷದವರೆಗೆ ಜೈಲು. ಆ ಹೊತ್ತಿನಿಂದ ನಮ್ಮ ಕೆಲಸವೆಲ್ಲ ಈ ಎರಡು ಮಾತುಗಳ ನಡುವಿನದಾಯಿತು.

ನಮ್ಮದೊಂದು ಸಣ್ಣ ನಾಗರಿಕ ಹಕ್ಕುಗಳ ವೇದಿಕೆ. ಪಟ್ಟಿಯಲ್ಲಿ ಒಂಬತ್ತು ಜನ, ಸಭೆಗೆ ಬರುವವರು ನಾಲ್ಕು. ಹಿಂದಿನ ವರ್ಷ ಮಗ್ಗಗಳಲ್ಲಿ ಆಗುವ ಗಾಯಗಳ ಬಗ್ಗೆ ವರದಿ ಮಾಡಲು ನಾನು ಬನಹಟ್ಟಿಗೆ ಹೋಗಿ ಕೆಲವು ವಾರ ಮಾಹಿತಿ ಬರೆದುಕೊಂಡಿದ್ದೆ. ಜಾಬರನ್ನು ಕಂಡದ್ದು ಆಗಲೇ, ಎರಡು ಸಲ. ಆಮೇಲೆ ಅವರ ಮುಂದಾಳುತನದಲ್ಲಿ, ಮಗ್ಗಗಳಿಗೆ ರಕ್ಷಣೆಯ ಜಾಳಿಗೆ ಹಾಕಬೇಕೆಂದು ಕೂಲಿಕಾರರು ಹನ್ನೊಂದು ದಿನ ಮಗ್ಗ ನಿಲ್ಲಿಸಿದ್ದರು. ಆ ಬಂದ್ ಮುಗಿದ ವಾರದಲ್ಲೇ ಈ ಬಂಧನ.

ಮುಧೋಳದ ಹಿರಿಯ ವಕೀಲರೊಬ್ಬರು ಇಂಥ ಕೆಲಸಕ್ಕೆ ಒದಗುವವರು. ಅವರ ಟೇಬಲ್ಲಿನ ಕೆಳಗೆ ಅವರ ಸಾಕುನಾಯಿ, ನಮ್ಮ ಕಡೆಯ ಸಣಕಲು ಬೇಟೆನಾಯಿ, ಉದ್ದ ಕಾಲು ಚಾಚಿ ಮಲಗಿರುತ್ತಿತ್ತು. ಕಕ್ಷಿದಾರರು ಕಾಲಿಡಲು ಜಾಗ ಹುಡುಕಬೇಕು.

"ನೋಡವಾ, ಆ ಮಂಡಳಿ ಮುಂದ ನಾ ನಿಂದ್ರಾಂಗಿಲ್ಲ. ವಕೀಲರಿಗೆ ಅಲ್ಲೆ ಬಾಗಲಾ ಇಲ್ಲ. ಆದ್ರ ವಕೀಲ ಅಲ್ಲದ ಮಿತ್ರ ಒಬ್ಬಾಂವ ಜೋಡಿ ಕುಂದ್ರಬಹುದು. ನೀ ವಕೀಲಕಿ ಕಲ್ತಿಲ್ಲ. ಅದs ನಿನ್ನ ಅರ್ಹತಾ."

"ನಾನು ಅವರ ಮಿತ್ರಳೂ ಅಲ್ಲ ಸರ್. ಎರಡು ಸಲ ಮಾತಾಡಿದ್ದೇನೆ, ಅಷ್ಟೇ."

"ಹಂಗಾರ ಇನ್ನ ಮ್ಯಾಲೆ ಆಗು," ಎಂದು ಅರ್ಜಿಯ ನಮೂನೆ ಮುಂದೆ ಸರಿಸಿದರು. ಬಂಧಿತರೊಂದಿಗೆ ಸಂಬಂಧ ಎಂಬ ಕಡೆ 'ಮಿತ್ರ' ಎಂದು ಬರೆದೆ. ಬರೆದ ಮೇಲೂ ಆ ಶಬ್ದ ನನ್ನನ್ನು ಕಾಡುತ್ತಲೇ ಇತ್ತು.

ಬಂಧನದ ಕಾರಣಗಳನ್ನು ಲಿಖಿತವಾಗಿ, ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂಬುದು ನಿಯಮ. ಐದು ಪುಟಗಳ ಕನ್ನಡ ನಮ್ಮ ಕೈಗೆ ಬಂತು. ನಾಲ್ಕು ಪುಟ ಬಂದ್ ಬಗ್ಗೆ. ಐದನೆಯದರಲ್ಲಿ, ಬಂದ್ ನಡೆದಿದ್ದಾಗ ಅವರ ಮೊಬೈಲಿನ ಮಾತು ಕದ್ದು ಆಲಿಸಿ ಬರೆದಿಟ್ಟ ಒಂದು ಸಂಭಾಷಣೆ. ಇಡೀ ಆದೇಶ ನಿಂತದ್ದು ಅದರ ಮೇಲೆ:

'ತೋಟಾ ಎಷ್ಟು ಅದಾವು?'

'ಹನ್ನೆರಡು. ಮೂಗಿಗೆ ಉಕ್ಕು ಕುಂದ್ರಿಸೇನಿ.'

'ಅವತ್ತು ಒಂದು ಹಾರಿ ಆ ಹೆಣಮಗಳ ಕಣ್ಣು ಹೋಗೂದಿತ್ತು. ಈ ಸಲ ಸರಿಯಾಗಿ ಹಾರಬೇಕು.'

'ಬಸ್ಸಿನ್ಯಾಗ ಕಳಸ್ತೀನಿ.'

'ಬಂದ್ ಮುಗಿದ ಕೂಡ್ಲೆ ಚಾಲೂ ಮಾಡೂದು.'

ಕೆಳಗೆ ಷರಾ: 'ತೋಟಾ ಎಂಬುದು ಮದ್ದುಗುಂಡು ಎಂದು ವಿಶ್ಲೇಷಿಸಲಾಗಿದೆ. ಸದರಿ ಬಂಧಿತನು ಯಂತ್ರದ ಸದ್ದಿನ ನಡುವೆ ಉದ್ದೇಶಪೂರ್ವಕವಾಗಿ ಸಂಭಾಷಣೆ ನಡೆಸಿ ಗೌಪ್ಯತೆ ಕಾಪಾಡಿಕೊಂಡಿರುತ್ತಾನೆ.'

ಮಗ್ಗ ಹಾಕಿಕೊಂಡ ಮನೆಯಲ್ಲಿ ಯಂತ್ರದ ಸದ್ದಿಲ್ಲದೆ ಇನ್ನೇನಿರುತ್ತದೆ? ಬಂದ್ ಆಗಿದ್ದದ್ದು ಕೂಲಿ ಮಗ್ಗಗಳು. ಸ್ವಂತದ ಎರಡು ಮಗ್ಗ ಇಟ್ಟುಕೊಂಡವರು ಮನೆಯಲ್ಲಿ ನೇಯುತ್ತಲೇ ಇದ್ದರು. ಇದನ್ನು ಓದಿ ಸಿಟ್ಟಿನಿಂದ ನಕ್ಕದ್ದು ನೆನಪಿದೆ. ಡೈರಿಯಲ್ಲಿರುವುದು ಬೇರೆ: 'ಐದನೇ ಪುಟ ಓದಿದೆ. ಖರೆ ಇದ್ದರೆ?' ತೋಟಾ ಎಂದರೆ ಬಂದೂಕಿನ ಕಾಡತೂಸು. ಕಲ್ಲಿನ ಕ್ವಾರಿಗಳಲ್ಲಿ ಬಂಡೆ ಸಿಡಿಸುವ ಮದ್ದಿಗೂ ಅದೇ ಹೆಸರು. ನಾನು ಹೆದರಿದ್ದೆ. ನಕ್ಕದ್ದು ಆಮೇಲೆ ಇರಬೇಕು, ಅಥವಾ ನಕ್ಕಿರಲೇ ಇಲ್ಲ.

ವಕೀಲರ ಲೆಕ್ಕಾಚಾರ ಸ್ಪಷ್ಟವಿತ್ತು. ಫೋನು ಆಲಿಸಲು ಮೇಲಧಿಕಾರಿಯ ಲಿಖಿತ ಆದೇಶ ಬೇಕು. ಆ ಆದೇಶದ ಪ್ರತಿ ಕೊಟ್ಟಿಲ್ಲ. ಮೂಲ ಧ್ವನಿಮುದ್ರಣವನ್ನೂ ಕೊಟ್ಟಿಲ್ಲ. ಆಧಾರವಾಗಿಟ್ಟುಕೊಂಡ ದಾಖಲೆ ಕೊಡದಿದ್ದರೆ ಬಂಧನವೇ ಊರ್ಜಿತವಲ್ಲ. ಮಾತಿನ ಒಳಗಿನ ಅರ್ಥಕ್ಕೆ ನಾವು ಇಳಿಯಬಾರದು, ಆ ದನಿ ಅವರದೆಂದು ಸಹ ಒಪ್ಪಬಾರದು. ಒಬ್ಬ ಮನುಷ್ಯ ಫೋನಿನಲ್ಲಿ ಏನು ಮಾತಾಡಿದ ಎಂದು ವಿವರಿಸಲು ಹೊರಟೆವೆಂದರೆ, ಅದನ್ನು ಕೇಳುವ ಹಕ್ಕು ಅವರಿಗಿತ್ತೆಂದು ಒಪ್ಪಿದ ಹಾಗೆ. ಈ ವಾದ ನನಗೆ ಬಹಳ ಹಿಡಿಸಿತು. ತತ್ವಕ್ಕಾಗಿ ಹಿಡಿಸಿತೋ, ಉತ್ತರ ಕೇಳುವ ಧೈರ್ಯ ಇಲ್ಲದ್ದಕ್ಕೆ ಹಿಡಿಸಿತೋ, ಈಗ ಹೇಳಲಾರೆ.

ಮೊದಲ ಸಲ ಜೈಲಿಗೆ ಹೋದಾಗ ಗಾಜಿನ ಆಚೆ ಜಾಬರ್, ಈಚೆ ನಾನು ಮತ್ತು ಅವರ ಹೆಂಡತಿ. ಮಾತಾಡಲು ಎರಡೂ ಕಡೆ ಒಂದೊಂದು ರಿಸೀವರ್. 'ಇಲ್ಲಿನ ಸಂಭಾಷಣೆ ದಾಖಲಾಗುತ್ತದೆ' ಎಂದು ಗೋಡೆಗೆ ಚೀಟಿ ಅಂಟಿಸಿತ್ತು. ಹೆಂಡತಿಯೊಡನೆ ಮಾತು ಮುಗಿಸಿ, ಅವರು ನನ್ನನ್ನು ಕರೆದರು.

"ಅಕ್ಕಾರ, ಅವರು ಬರದಾರಲ್ಲ, ಆ ಮಾತ ಏನಂದ್ರ..."

"ಅದನ್ನು ಹೇಳಬೇಡಿ ಅಣ್ಣಾ. ಅದರ ಬಗ್ಗೆ ಯಾರ ಮುಂದೂ ಏನೂ ಹೇಳಬೇಡಿ. ನನ್ನ ಮುಂದೂ."

ಅವರು ನನ್ನನ್ನೊಮ್ಮೆ, ಗೋಡೆಯ ಚೀಟಿಯನ್ನೊಮ್ಮೆ ನೋಡಿದರು. "ಆತು ಬಿಡ್ರಿ," ಎಂದರು.

ಡೈರಿಯಲ್ಲಿ ಆ ದಿನ ಬರೆದದ್ದು ಎರಡೇ ಶಬ್ದ: 'ಮಾತು ನಿಲ್ಲಿಸಿದೆ.' ಹೆಮ್ಮೆಯಿಂದ ಬರೆದಂತೆ ಕಾಣುತ್ತದೆ.

ಬಂಧಿತನ ಪರವಾಗಿ ಸರ್ಕಾರಕ್ಕೆ ಮನವಿ ಹೋಯಿತು. ಹದಿನಾಲ್ಕು ಪುಟ, ಮೂರು ಪ್ರತಿ, ಜೈಲು ಅಧೀಕ್ಷಕರ ಮೂಲಕ ಒಂದು, ನೋಂದಾಯಿತ ಅಂಚೆಯಲ್ಲಿ ಎರಡು. ವಕೀಲರು ಒಂದೊಂದು ವಾಕ್ಯವನ್ನೂ ತಿದ್ದಿದ್ದರು. ಅದರಲ್ಲಿ ತೋಟಾ ಎಂಬ ಶಬ್ದ ಎಲ್ಲೂ ಬರದಂತೆ ನೋಡಿಕೊಂಡಿದ್ದೆವು. ಉತ್ತರ ಅರ್ಧ ಪುಟದಲ್ಲಿ ಬಂತು: ಆಲಿಕೆಯ ಆದೇಶ ರಾಷ್ಟ್ರದ ಭದ್ರತೆಗೆ ಸಂಬಂಧಿಸಿದ್ದರಿಂದ ಒದಗಿಸಲಾಗದು, ಮನವಿಯಲ್ಲಿ ಸಂಭಾಷಣೆಯ ವಿಷಯವನ್ನು ಬಂಧಿತನು ಎಲ್ಲಿಯೂ ನಿರಾಕರಿಸಿರುವುದಿಲ್ಲ, ಆದ್ದರಿಂದ ಮನವಿಯನ್ನು ತಿರಸ್ಕರಿಸಲಾಗಿದೆ.

ನಿರಾಕರಿಸಿರುವುದಿಲ್ಲ. ನಮ್ಮ ಮೌನವನ್ನೇ ಅವರು ಒಪ್ಪಿಗೆಯೆಂದು ಬರೆದುಕೊಂಡಿದ್ದರು. ಮಂಡಳಿಯ ವಿಚಾರಣೆಗೆ ಹತ್ತೊಂಬತ್ತು ದಿನ ಉಳಿದಿತ್ತು.

ಮಂಡಳಿಗೆ ಕೊಡುವ ಅರ್ಜಿಗೆ ಹೆಂಡತಿಯ ಸಹಿ ಬೇಕಿತ್ತು. ಮಧ್ಯಾಹ್ನದ ಬಸ್ಸಿಗೆ ಬನಹಟ್ಟಿಗೆ ಹೋದೆ. ಮಗ್ಗ ನಡೆದಿತ್ತು. ಎರಡರಲ್ಲಿ ಒಂದಕ್ಕೆ ಅರಿವೆ ಹೊದಿಸಿ, ಇನ್ನೊಂದನ್ನು ಆಕೆಯೇ ನಡೆಸುತ್ತಿದ್ದರು. ನೂಲು ಸುತ್ತಿದ ಕಂಡಿಕೆ ಖಾಲಿಯಾಗಿ ಮಗ್ಗ ನಿಲ್ಲಿಸಿ, ಕಟ್ಟಿಗೆಯ ಲಾಳಿಯನ್ನು ಹೊರತೆಗೆದು, ಹೊಸ ಕಂಡಿಕೆ ಕೂಡಿಸುತ್ತ ನನ್ನ ಮುಂದೆ ಬಂದು ಕುಳಿತರು. ಅಡ್ಡನೂಲನ್ನು ಈ ಕಡೆಯಿಂದ ಆ ಕಡೆಗೆ ಒಯ್ಯುವ ಲಾಳಿ ಎರಡೂ ತುದಿಗೆ ಚೂಪಾಗಿರುತ್ತದೆ, ತುದಿಗೆ ಉಕ್ಕಿನ ಮೊನೆ. ದಾರಿ ತಪ್ಪಿ ಮಗ್ಗದಿಂದ ಹೊರಗೆ ಹಾರಿದರೆ ಬಡಿದವರನ್ನು ಕೆಡವುತ್ತದೆ.

"ಏನ ಬರದಾರ್ರಿ ಅಕ್ಕಾರ ಆ ಕಾಗದದಾಗ? ಎಲ್ಲಾರೂ ಮದ್ದು ಮದ್ದು ಅಂತಾರ. ನಮ್ಮ ಮನ್ಯಾಗ ಕೆಮ್ಮಿನ ಮದ್ದ ಬಿಟ್ರ ಏನೈತಿ?"

ಗುಟ್ಟಿನ ಕಾಗದವೆಂದು ಅಷ್ಟು ದಿನ ಆಕೆಗೆ ತೋರಿಸಿರಲಿಲ್ಲ. ಅವತ್ತು ಯಾಕೆ ತೆಗೆದೆನೋ. ಸರ್ಕಾರದ ಅರ್ಧ ಪುಟದಿಂದ ಸೋತಿದ್ದೆ, ಅದೇ ಕಾರಣವಿರಬಹುದು. ಐದನೇ ಪುಟ ಜೋರಾಗಿ ಓದಿದೆ. ಮೊದಲ ಸಾಲಿಗೇ ಆಕೆ ಕೈ ಅಡ್ಡ ಹಿಡಿದರು.

"ತೋಟಾ? ಇನ್ನೊಮ್ಮೆ ಓದ್ರಿ."

ಓದಿದೆ. ಆಕೆ ತೊಡೆಯ ಮೇಲಿನ ಲಾಳಿಯನ್ನು ಎತ್ತಿ ನನ್ನ ಕಣ್ಣ ಮುಂದೆ ಹಿಡಿದರು.

"ಇದರ್ರಿ. ಇದನ್ನ ಅವರು ಧೋಟಾ ಅಂತಾರ. ಊರ ಮಂದಿ ಎಲ್ಲಾ ಲಾಳಿ ಅಂದ್ರ ಇವರಿಗಷ್ಟ ಧೋಟಾ. ಇಚಲಕರಂಜಿ ಸಾಹೇಬ್ರು. ಲಗ್ನಾದಾಗಿಂದ ಕಾಡಸ್ತೇನಿ, ಲಾಳಿ ಅನ್ನಾಕ ನಾಲಿಗಿ ಹೊಳ್ಳೂದಿಲ್ಲೇನ ನಿಮ್ಮದು ಅಂತ. ಅಲ್ಲಿ ಸಾಮಾನಿನ ಅಂಗಡ್ಯಾಂವಗ ಹನ್ನೆರಡ ಧೋಟಾ ಹೇಳಿದ್ರು. ಬಂದ್ ಮುಗಿದ ಮ್ಯಾಲೆ ಎಲ್ಲಾರ ಮಗ್ಗಕ್ಕೂ ಹೊಸಾವು ಹಾಕೂದಂತ."

ಆ ಅಂಗಡಿಯವ ಗಡಿಯ ಮನುಷ್ಯ, ಕನ್ನಡ ಬಲ್ಲವ. ಹನ್ನೆರಡು ಲಾಳಿ. ಮೂಗಿಗೆ ಉಕ್ಕು. ಸರಿಯಾಗಿ ಹಾರಬೇಕು. ಐದೂ ಸಾಲುಗಳು ಒಂದೊಂದಾಗಿ ನನ್ನ ಕಣ್ಣೆದುರೇ ಮಗ್ಗದೊಳಗೆ ಹೋಗಿ ಕುಳಿತವು. ಆಕೆ ನಗುತ್ತಿದ್ದರು, ಬಂಧನದ ನಂತರ ಆಕೆ ನಕ್ಕದ್ದನ್ನು ನೋಡಿದ್ದು ಅದೇ ಮೊದಲು. ಆಮೇಲೆ ನಗು ನಿಂತಿತು.

"ಇದನ್ನ ಮೊದಲ ಯಾಕ ಓದಿ ಹೇಳಲಿಲ್ರಿ ಅಕ್ಕಾರ?"

ನಾನು ಏನೋ ಹೇಳಿದೆ. ಏನೆಂದು ಡೈರಿಯಲ್ಲಿ ಇಲ್ಲ.

ಮನೆಗೆ ಬಂದು ಹಿಂದಿನ ವರ್ಷದ ಡೈರಿ ತೆಗೆದೆ. ಯಾವುದೋ ಅಸ್ಪಷ್ಟ ಅನುಮಾನ. ಗಾಯಗಳ ಮಾಹಿತಿ ಬರೆದುಕೊಂಡ ಪುಟಗಳಲ್ಲಿ ಜಾಬರ್ ಹೇಳಿದ್ದೆಂದು ನನ್ನದೇ ಅಕ್ಷರದಲ್ಲಿ ಒಂದು ಸಾಲಿತ್ತು. ಒಬ್ಬ ಹೆಣ್ಣುಮಗಳ ಹೆಸರು, ಅವಳು ದುಡಿಯುವ ಮಗ್ಗದ ಮಾಲೀಕರ ಹೆಸರು, ಆಮೇಲೆ: 'ತೋಟಾ ಹಾರಿ ಕಣ್ಣಿನ ಕೆಳಗೆ ಬಡಿದಿದೆ. ತೋಟಾ = ಮಗ್ಗದ ಭಾಗ? ಕೇಳಬೇಕು.'

ಕೇಳಿರಲಿಲ್ಲ. ನಡುವೆ ತಂತಿಯಿಲ್ಲದೆ, ಅವರ ಎದುರಿಗೇ ಚಹಾ ಕುಡಿಯುತ್ತ ಕುಳಿತು, ನಾನೂ ಅದನ್ನೇ ಕೇಳಿಸಿಕೊಂಡಿದ್ದೆ. ಜಮಖಂಡಿಯಲ್ಲಿ ಹುಟ್ಟಿ, ಮೂರು ತಲೆಮಾರಿನಿಂದ ಪಗಾರದ ಮೇಲೆ ಬದುಕಿದ ಮನೆಯ ನಾನು, ಹತ್ತು ಹಳ್ಳಿಯಾಚೆಯ ಮಗ್ಗದ ಶಬ್ದವನ್ನು ಆ ಹೊರಗಿನವರಷ್ಟೇ ತಪ್ಪಾಗಿ ಬರೆದುಕೊಂಡಿದ್ದೆ. ಐದನೇ ಪುಟ ಓದಿದಾಗ ಈ ಸಾಲು ನೆನಪಿಗೂ ಬರಲಿಲ್ಲ. ಬಂದಿದ್ದರೆ 'ಖರೆ ಇದ್ದರೆ?' ಎಂದು ಬರೆಯುತ್ತಿರಲಿಲ್ಲ.

ಮರುದಿನ ಮುಧೋಳಕ್ಕೆ ಹೋಗಿ ವಕೀಲರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು, ಪುಟವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದರು.

"ಇದು ಬಂಗಾರ ಐತವಾ. ಬಂಧನದಕಿಂತ ಒಂದ ವರ್ಷ ಮೊದಲ, ಮೂರನೇ ಮನಶಾ ಬರದಿದ್ದು. ಅವನ ಬಾಯಾಗ ತೋಟಾ ಅಂದ್ರ ಮಗ್ಗದ ಸಾಮಾನು ಅಂತ ಇದರಾಗ ಐತಿ. ಹಾಕೂಣು."

"ಈ ಒಂದೇ ಪುಟ ಹಾಕಿದರೆ ಸಾಕಾ?"

ಅವರು ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದರು. "ನಕಲು ಹಾಕಿದ್ರ ಅಸಲು ಕೇಳತಾರ. ಅಸಲಂದ್ರ ಪೂರಾ ಪುಸ್ತಕ. ಒಮ್ಮೆ ಅಲ್ಲಿಗೆ ಹೋತಂದ್ರ ತಿರುಗಿ ನಿನ್ನ ಕೈಗೆ ಬರತೈತಿ ಅಂತ ನಾ ಹೇಳಂಗಿಲ್ಲ."

ಆ ಪುಸ್ತಕದಲ್ಲಿ ನಲವತ್ತಕ್ಕೂ ಹೆಚ್ಚು ಜನರ ಹೆಸರುಗಳಿದ್ದವು. ಯಾರ ಕೈ ಎಲ್ಲಿ ಸಿಕ್ಕಿತು, ಯಾವ ಮಾಲೀಕ ಬಾಯಿ ಮುಚ್ಚಿಸಿದ, ಬಂದ್ ಮಾಡೋಣವೆಂದು ಮೊದಲು ಅಂದವರಾರು, ಸಭೆಯ ಸುದ್ದಿಯನ್ನು ಠಾಣೆಗೆ ಮುಟ್ಟಿಸುವವರು ಯಾರೆಂದು ಜನ ಅನುಮಾನಿಸುತ್ತಿದ್ದರು, ಎಲ್ಲವೂ. ಹೆಸರು ಈ ಪುಸ್ತಕದಿಂದ ಹೊರಗೆ ಹೋಗುವುದಿಲ್ಲ ಎಂದು ಒಬ್ಬೊಬ್ಬರಿಗೂ ಮಾತು ಕೊಟ್ಟಿದ್ದೆ. ಅಂದು ಅದು ಸಲೀಸಾಗಿ ಕೊಟ್ಟ ಮಾತು.

ಮೂರು ದಿನ ಆ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡೇ ತಿರುಗಾಡಿದೆ. ಕ್ಲಾಸಿನಲ್ಲಿ ಪಾಠ ಹೇಳುವಾಗಲೂ ಕಣ್ಣು ಮೇಜಿನ ಮೇಲಿನ ಚೀಲದ ಕಡೆಗೆ ಹೋಗುತ್ತಿತ್ತು. ವೇದಿಕೆಯವರನ್ನು ಕೇಳಿದೆ. ಅನಗವಾಡಿಯಿಂದ ಬರುವ ನಿವೃತ್ತ ಶಿಕ್ಷಕರೊಬ್ಬರು ಹೇಳಿದರು: "ನಾವು ಏನಂತ ಹೋರಾಟ ಮಾಡಾಕತ್ತೇವಿ ಅಕ್ಕಾರ? ಮಂದಿ ಮಾತ ಮಂದೀವು ಅಂತ. ಈಗ ನಾವs ನಲವತ್ತ ಮಂದಿ ಮಾತ ತಗೊಂಡ ಹೋಗಿ ಅವರ ಟೇಬಲ್ ಮ್ಯಾಲೆ ಇಡೂದೇನು?" ಅವರು ಹೇಳಿದ್ದು ಸರಿ. ಆದರೆ ಅವರು ರಾತ್ರಿ ಮಲಗುವುದು ಮನೆಯಲ್ಲಿ, ಜಾಬರ್ ಮಲಗುವುದು ಜೈಲಿನಲ್ಲಿ. ಒಬ್ಬರ ಒಂದು ವರ್ಷವನ್ನು ನಲವತ್ತು ಜನರ ಭಯದೊಂದಿಗೆ ತೂಗಲು ನಾನು ಯಾರು? ಆ ಪ್ರಶ್ನೆಯನ್ನು ಡೈರಿಯಲ್ಲಿ ಮೂರು ದಿನವೂ ಬರೆದಿದ್ದೇನೆ, ಮೂರು ಬೇರೆ ಬೇರೆ ಉತ್ತರಗಳೊಂದಿಗೆ. ಕೊನೆಗೆ ಮಾಡಿದ್ದು ಇಷ್ಟೇ: ಮೊದಲೇ ಮಾಡಬೇಕಿದ್ದಂತೆ, ಜಾಬರನ್ನೇ ಕೇಳುವುದೆಂದು ನಿರ್ಧರಿಸಿದೆ.

ಮತ್ತೆ ಅದೇ ಗಾಜು, ಅದೇ ಚೀಟಿ.

"ಅಣ್ಣಾ, ಆ ಮಾತು ಏನೆಂದು ನನಗೆ ಗೊತ್ತಾಯಿತು. ಅವತ್ತು ನಿಮ್ಮ ಬಾಯಿ ಮುಚ್ಚಿಸಿದ್ದು ನನ್ನ ತಪ್ಪು."

"ನೀವು ಸುಮ್ಮನಿರು ಅಂದ್ರಿ, ಸುಮ್ಮನಾದೆ. ಮಗ್ಗದ ಮುಂದ ಕುಂತಾವ್ರಿಗೆ ಮಾತಿಲ್ಲದ ಇರೂದ ರೂಢಿ ಐತ್ರಿ," ಎಂದರು. ಕೊಂಕಿತ್ತೋ ಇಲ್ಲವೋ ತಿಳಿಯಲಿಲ್ಲ.

ಪುಸ್ತಕದ ವಿಷಯ ಹೇಳಿದೆ. ದಾಖಲಾಗುವ ಫೋನಿನಲ್ಲಿ ಅದನ್ನು ಹೇಳುವುದೇ ಅಪಾಯವೆಂದು ಗೊತ್ತಿತ್ತು. 'ನನ್ನ ಹಳೆಯ ಬರಹ' ಎಂದಷ್ಟೇ ಅಂದೆ. ಅವರಿಗೆ ಅರ್ಥವಾಯಿತು.

"ಅದರಾಗ ಆ ಕಣ್ಣಿಗೆ ಬಡಸಿಕೊಂಡಾಕಿ ಹೆಸರ ಐತೇನ್ರಿ?"

"ಇದೆ."

"ಬ್ಯಾರೇದಾವ್ರದು?"

"ಇವೆ."

ಅವರು ರಿಸೀವರನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದರು. "ಆಕಿಗೆ ಮೊದಲs ಒಂದ ಕಣ್ಣ ಮಬ್ಬ ಐತಿ. ಆಕಿ ಮನಿ ಮುಂದ ಜೀಪ್ ನಿಂದ್ರೂದ ಬ್ಯಾಡ್ರಿ. ಅವನ್ನ ಇಟ್ಟಬಿಡ್ರಿ. ನನ್ನ ಮಾತ ನಾನs ಹೇಳ್ತೇನಿ."

"ನಂಬದಿದ್ದರೆ?"

"ನಂಬಲಿಲ್ಲಂದ್ರ ಒಂದ ವರ್ಷ. ಇಚಲಕರಂಜ್ಯಾಗ ಇಪ್ಪತ್ತ ತಗದೇನಿ."

ಪುಸ್ತಕ ಕೊಡಲಿಲ್ಲ. ನಾನು ತೆಗೆದುಕೊಂಡ ನಿರ್ಧಾರವೆಂದು ಅದನ್ನು ಆಮೇಲೆ ಕೆಲವು ಸಭೆಗಳಲ್ಲಿ ಹೇಳಿಕೊಂಡದ್ದುಂಟು. ಡೈರಿಯ ಪ್ರಕಾರ ಅದು ಅವರದು.

ವಿಚಾರಣೆಗೆ ಬೆಂಗಳೂರಿಗೆ ಹೋಗುವಾಗ ಜಾಬರ ಹೆಂಡತಿ ಒಂದು ಲಾಳಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟರು. ಕಟ್ಟಡದ ಬಾಗಿಲಲ್ಲಿ ಚೀಲ ಒಳಗೆ ಹೋದದ್ದೇ ತಪಾಸಣೆಯ ಯಂತ್ರ ಕೂಗಿತು. ಕಾವಲಿನವರು ಬಿಚ್ಚಿ ನೋಡಿ, ಮೊನೆಯನ್ನು ಬೆರಳಿಂದ ಮುಟ್ಟಿದರು.

"ಏನಮ್ಮಾ ಇದು?"

"ಲಾಳಿ. ಬಟ್ಟೆ ನೇಯುವುದಕ್ಕೆ."

"ಚುಚ್ಚುತ್ತಲ್ಲಾ," ಎಂದು ತಮ್ಮ ನೋಂದಣಿ ಪುಸ್ತಕದಲ್ಲಿ 'ಚೂಪಾದ ವಸ್ತು, ಒಂದು' ಎಂದು ಬರೆದು ಟೋಕನ್ ಕೊಟ್ಟರು. ಒಳಗೆ ಒಯ್ಯಲು ನನ್ನ ಬಳಿ ಉಳಿದದ್ದು ಕಾಗದಗಳು ಮಾತ್ರ.

ಕೋಣೆಯಲ್ಲಿ ಮೂವರು ಸದಸ್ಯರು, ಬದಿಗೆ ಪೊಲೀಸ್ ಅಧಿಕಾರಿ, ಗೋಡೆಯ ಪರದೆಯ ಮೇಲೆ ಜೈಲಿನಿಂದ ಜಾಬರ್. ಪರದೆಯಲ್ಲಿ ಅವರ ತುಟಿ ಮೊದಲು ಅಲುಗುತ್ತಿತ್ತು, ದನಿ ಆಮೇಲೆ ಬರುತ್ತಿತ್ತು. ನಾನು ಮೊದಲು ಆಲಿಕೆಯ ಆದೇಶದ ಬಗ್ಗೆ ಹೇಳಿದೆ: ಯಾರು ಕೊಟ್ಟರು, ಯಾವ ಕಾರಣಕ್ಕೆ, ಎಷ್ಟು ದಿನಕ್ಕೆ. ಅಧ್ಯಕ್ಷರು ಸೌಜನ್ಯದಿಂದಲೇ ಕೇಳಿ, "ಅದು ನ್ಯಾಯಾಲಯದಲ್ಲಿ ಎತ್ತಬೇಕಾದ ಪ್ರಶ್ನೆ. ನಮ್ಮ ಮುಂದಿರುವುದು ಬಂಧನಕ್ಕೆ ಸಾಕಷ್ಟು ಕಾರಣ ಇದೆಯೇ ಎಂಬುದಷ್ಟೇ," ಎಂದರು. ಮೂಲ ಧ್ವನಿಮುದ್ರಣ ತಂದಿದ್ದೀರಾ ಎಂದು ಅಧಿಕಾರಿಯನ್ನು ಕೇಳಿದರು. ಅದು ಗೋಪ್ಯ, ಬರಹರೂಪ ಮಾತ್ರ ಇದೆ ಎಂದು ಉತ್ತರ ಬಂತು.

"ಬಂಧಿತರು ಏನು ಹೇಳುತ್ತಾರೆ?"

ಜಾಬರ್ ಕೈ ಮುಗಿದರು. "ಸಾಹೇಬ್ರ, ನಾ ಹೇಳಿದ್ದು ಧೋಟಾ. ಅದು ಮಗ್ಗದ ಸಾಮಾನ್ರಿ. ಮಂದಿ ಲಾಳಿ ಅಂತಾರಲ್ಲ, ಅದು."

ಅಧ್ಯಕ್ಷರು ಬರೆದುಕೊಳ್ಳುತ್ತ ಗಟ್ಟಿಯಾಗಿ ಹೇಳಿದರು: "ತೋಟಾ ಎಂದರೆ ಲಾಳಿ ಎಂದು ನಿಮ್ಮ ಹೇಳಿಕೆ."

"ತೋಟಾ ಅಲ್ರಿ. ಧೋಟಾ."

"ಅದೇ. ತೋಟಾ."

"ಅಲ್ರಿ ಸಾಹೇಬ್ರ. ಧೋ. ಧೋತರದ ಧೋ."

"ತೋತರ?" ಎಂದರು ಪಕ್ಕದ ಸದಸ್ಯರು, ಪರದೆಯ ಕಡೆ ಕಿವಿ ತಿರುಗಿಸಿ.

ನನಗೆ ಆಗ ಹೊಳೆಯಿತು. "ಸ್ವಾಮಿ, ತಾವು ಈಗ ಬರೆದುಕೊಂಡಿದ್ದನ್ನು ದಯವಿಟ್ಟು ಓದಿ," ಎಂದೆ. ನೆನಪಿನಲ್ಲಿ ನನ್ನ ದನಿ ಸ್ಥಿರವಾಗಿದೆ. ಡೈರಿ ಹೇಳುವುದು: 'ಎರಡು ಸಲ ಹೇಳಬೇಕಾಯಿತು. ಅವರು ಓದಿಕೊಂಡರು. ಹೊಡೆದು ಹಾಕಿದರು. ಮತ್ತೆ ಬರೆದರು.'

ಅಧ್ಯಕ್ಷರು ಪೆನ್ನು ಕೆಳಗಿಟ್ಟು ಅಧಿಕಾರಿಯ ಕಡೆ ತಿರುಗಿದರು. "ಇದನ್ನು ಕೇಳಿ ಬರೆದವರು ಯಾವ ಕಡೆಯವರು?"

"ನಮ್ಮ ತಂಡದವರು ಸರ್. ಆ ಭಾಗದವರಲ್ಲ."

"ಹನ್ನೆರಡು ಲಾಳಿಗಳು ಬಂದವೇ? ಬಸ್ಸಿನಲ್ಲಿ?"

"ಬಸ್ ನಿಲ್ದಾಣದಲ್ಲಿ ಒಂದು ಪಾರ್ಸೆಲ್ ವಶಪಡಿಸಿಕೊಂಡಿದ್ದೇವೆ ಸರ್. ಮರದ ವಸ್ತುಗಳು. ಪರೀಕ್ಷೆಗೆ ಕಳಿಸಲಾಗಿದೆ."

ಎರಡನೇ ಸದಸ್ಯರು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದರು. ಅಧಿಕಾರಿಯೂ ಪೆಚ್ಚಾಗಿದ್ದರು. ಕೆಟ್ಟ ಮನುಷ್ಯರಂತೆ ಅವರು ಕಾಣಲಿಲ್ಲ. ಹೊರಗೆ ಕಾರಿಡಾರಿನಲ್ಲಿ ನನಗೆ ಸಮಾಧಾನ ಹೇಳುವವರಂತೆ ಅಂದರು: "ಮೇಡಂ, ಇನ್ನು ಮೇಲೆ ಇಂಥ ತಪ್ಪಾಗಲ್ಲ. ಕೇಳೋದಕ್ಕೆ ಆಯಾ ಊರಿನವರನ್ನೇ ಹಾಕ್ತೀವಿ."

ಟೋಕನ್ ಕೊಟ್ಟು ಲಾಳಿ ವಾಪಸು ಪಡೆದುಕೊಂಡೆ.

ಎರಡು ವಾರದ ನಂತರ ಆದೇಶ ಬಂತು. 'ಬಂಧನವನ್ನು ಮುಂದುವರಿಸಲು ಸಾಕಷ್ಟು ಕಾರಣಗಳು ಕಂಡುಬರುವುದಿಲ್ಲ.' ಒಂದೇ ವಾಕ್ಯ. ಫೋನಿನ ಬಗ್ಗೆ, ಆಲಿಕೆಯ ಬಗ್ಗೆ, ಯಾರು ಯಾರ ಮಾತು ಎಷ್ಟು ತಿಂಗಳು ಕೇಳಿದರೆಂಬ ಬಗ್ಗೆ ಒಂದಕ್ಷರವಿರಲಿಲ್ಲ. ಆ ಪ್ರಶ್ನೆಯನ್ನು ವಕೀಲರು ಉಚ್ಚ ನ್ಯಾಯಾಲಯಕ್ಕೆ ಒಯ್ದಿದ್ದಾರೆ. ಇದನ್ನು ಬರೆಯುವಾಗ ಅದು ಅಲ್ಲಿಯೇ ಇದೆ. ಆ ಪುಸ್ತಕ ಎಲ್ಲಿದೆ ಎಂದು ಇಲ್ಲಿ ಬರೆಯುವುದಿಲ್ಲ. ಈಗಿನ ಡೈರಿಯಲ್ಲಿ ನಾನು ಯಾರ ಹೆಸರನ್ನೂ ಬರೆಯುತ್ತಿಲ್ಲ. ಜಾಬರ್, ಹೆಂಡತಿ, ವಕೀಲರು ಎಂದೇ ಬರೆಯುತ್ತೇನೆ. ಇದು ಎಚ್ಚರವೋ ಸೋಲೋ ಗೊತ್ತಿಲ್ಲ.

ಬಿಡುಗಡೆಯಾದ ಹತ್ತು ದಿನಕ್ಕೆ ಲಾಳಿ ಹಿಂತಿರುಗಿಸಲು ಬನಹಟ್ಟಿಗೆ ಹೋದೆ. ಬಸ್ಸಿನಲ್ಲಿ ಚಿಮ್ಮಡದ ಹೆಣ್ಣುಮಗಳೊಬ್ಬಳು ಪಕ್ಕದಲ್ಲಿ ಕುಳಿತು ಫೋನಿನಲ್ಲಿ ತನ್ನ ಅತ್ತೆಯನ್ನು ಮನಸಾರೆ ಬೈಯುತ್ತಿದ್ದಳು. ಹೀಗೆ ಬೈಯುವುದಕ್ಕೂ ಒಂದು ಸ್ವಾತಂತ್ರ್ಯ ಬೇಕಲ್ಲ ಎಂದುಕೊಂಡೆ.

ಜಾಬರ್ ಮಗ್ಗದ ಕೆಳಗೆ ಕುಳಿತು ಪಟ್ಟಾ ಬಿಗಿಯುತ್ತಿದ್ದರು. ಸೊರಗಿದ್ದರು, ಆದರೆ ಕೈ ಹಳೆಯ ವೇಗದಲ್ಲೇ ನಡೆದಿತ್ತು. ವಶಪಡಿಸಿಕೊಂಡ ಹನ್ನೆರಡು ಇನ್ನೂ ಪರೀಕ್ಷೆಯಲ್ಲಿದ್ದವು. ಚಹಾ ಬಂತು. ಅಷ್ಟರಲ್ಲಿ ಅವರ ಫೋನು ರಿಂಗಾಯಿತು. ಇಚಲಕರಂಜಿಯ ಅಂಗಡಿಯವ. ಕೈಗೆ ಎಣ್ಣೆ ಹತ್ತಿದ್ದರಿಂದ ಸ್ಪೀಕರಿಗೆ ಹಾಕಿದರು. ಕ್ಷೇಮ ಸಮಾಚಾರ ಮುಗಿದ ಮೇಲೆ ಅಂಗಡಿಯವ ಕೇಳಿದ: "ಮತ್ತ, ಏನರ ಸಾಮಾನ ಕಳಸೂದೈತೇನ?"

ಜಾಬರ್ ಬಾಯಿ ತೆರೆದರು, ನಿಲ್ಲಿಸಿದರು. ನನ್ನನ್ನು ನೋಡಿದರು. ಬಗ್ಗಿ ಫೋನಿನ ಹತ್ತಿರ, ಸಾಲೆಯ ಹುಡುಗರು ಒಪ್ಪಿಸುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು:

"ಲಾಳಿ. ಲಾಳಿ ಬೇಕಾಗಿದ್ದುವು. ಅರಿವಿ ನೇಯೂ ಲಾಳಿ."

"ಏನ? ಲಾಳಿ ಅಂದ್ರ?"

"ಲಾಳಿ."

"ತಿಳೀವಲ್ದಪಾ. ಧೋಟಾ ಏನ?"

ಜಾಬರ್ ಎಣ್ಣೆಗೈಯಿಂದಲೇ ಫೋನು ಬಂದ್ ಮಾಡಿ, ಮೊಣಕಾಲಿಗೆ ಕೈ ಒರೆಸಿಕೊಂಡರು. "ಇರಲಿ. ಸೋಮಾರ ಬಸ್ಸಿಗೆ ಹೋಗಿ ನಾನs ಕೈಲೆ ತರತೇನಿ," ಎಂದು ಮತ್ತೆ ಮಗ್ಗದ ಕೆಳಗೆ ತೂರಿದರು.

ನಾನು ತಂದಿದ್ದ ಲಾಳಿಯನ್ನು ಅವರ ಹೆಂಡತಿ ಪತ್ರಿಕೆ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ಮೂವತ್ತು ವರ್ಷ ಗಂಡನನ್ನು ಕಾಡಿಸಿದ ಮಾತು ಕೊನೆಗೂ ಗೆದ್ದಿತ್ತು. ಆಕೆ ನಗುತ್ತಾರೆಂದು ಕಾದೆ. ಆಕೆ ಮಗ್ಗದ ಕಡೆ ಬಾಗಿ, ಅದರ ಕೆಳಗೆ ಕಾಣುತ್ತಿದ್ದ ಎರಡು ಪಾದಗಳಿಗೆ ಮೆಲ್ಲಗೆ ಹೇಳಿದರು:

"ಮನ್ಯಾಗರ ಧೋಟಾ ಅನ್ರಿ."